ಶರ್ತಿನ ಅಮಲೂ ನಗರದ ರೈತರ ಕೂಟವೂ

ರಾಜ್ಯವೆಂಬುದು ಕೋಟೆಕೊತ್ತಲಗಳಿಂದಲೂ ದಂಡಿನಿಂದಲೂ ನಿಲ್ಲತಕ್ಕದ್ದೆಂದು ಮೇಲುನೋಟಕ್ಕೆ ತೋರುವುದು. ಆದರೆ ಚರಿತ್ರೆಯನ್ನು ತಾಳ್ಮೆಯಿಂದ ಪರಿಶೀಲಿಸಿದವರಿಗೆ ಅದರ ಬುನಾದಿಯು ಬೇರೊಂದೆಡೆ ಇರುವುದು ತಿಳಿಯದೆ ಹೋಗದು. ತಾನು ತೆತ್ತ ಕಂದಾಯವು ಲೆಕ್ಕಕ್ಕೆ ಸೇರುವುದು, ಒಮ್ಮೆ ತೆತ್ತುದನ್ನು ಮತ್ತೊಮ್ಮೆ ಯಾರೂ ಕೇಳರು, ಅನ್ಯಾಯವಾದರೆ ಕಚೇರಿಗೆ ಹೋಗಿ ಹೇಳಿಕೊಳ್ಳಬಹುದು, ಹೇಳಿಕೊಂಡರೆ ಕೇಳುವವರುಂಟು ಎಂಬ ಭರವಸೆಯು ಪ್ರಜೆಗಳ ಮನಸ್ಸಿನಲ್ಲಿ ನೆಲೆಸಿರುವವರೆಗೂ ಎಂತಹ ಬಡ ರಾಜ್ಯವಾದರೂ ನಡೆಯುವುದು. ಆ ಭರವಸೆಯು ತಪ್ಪಿದ ದಿವಸ ಬೊಕ್ಕಸದಲ್ಲಿ ಕೋಟಿ ದ್ರವ್ಯವಿದ್ದರೂ ರಾಜ್ಯವು ಒಳಗಿಂದೊಳಗೇ ಟೊಳ್ಳಾಗುವುದು. ಈ ಮಾತಿಗೆ ದೃಷ್ಟಾಂತವನ್ನು ಹುಡುಕಿಕೊಂಡು ನಾವು ರೋಮಿಗೋ ಪಾರಸಿಗೋ ಹೋಗಬೇಕಾದುದಿಲ್ಲ. ನಮ್ಮ ಮಲೆನಾಡಿನ ಸೆರಗಿನಲ್ಲಿಯೇ, ೧೮೩೦ನೆಯ ಇಸವಿಯಲ್ಲಿ ನಡೆದ ನಗರದ ದಂಗೆಯಲ್ಲಿ, ಅದು ಸ್ಪಷ್ಟವಾಗಿ ಕಾಣುವುದು.

ಈಗಿನ ಹೊಸನಗರ ತಾಲ್ಲೂಕಿನಲ್ಲಿರುವ ನಗರದ ಕೋಟೆಯನ್ನು ನೋಡಲು ಬರುವವರು ಶಿವಪ್ಪನಾಯಕರ ಹೆಸರನ್ನು ಕೇಳಿ, ಬಿದನೂರಿನ ವೈಭವವನ್ನು ನೆನೆದು ಹಿಂದಿರುಗುವರು. ಅದೇ ಸೀಮೆಯ ಒಕ್ಕಲುಮಕ್ಕಳು ಎರಡು ಶತಮಾನಗಳ ಹಿಂದೆ ಕೂಟಕಟ್ಟಿ ಸರ್ಕಾರಕ್ಕೆ ಕಂದಾಯವನ್ನು ಕೊಡೆವೆಂದು ನಿಂತ ಕಥೆಯನ್ನು ವಿಚಾರಿಸುವವರು ವಿರಳ. ಆದರೆ ಮೈಸೂರು ಸಂಸ್ಥಾನವು ೫೦ ವರ್ಷಗಳ ಕಾಲ ತನ್ನ ಅರಸರ ಕೈತಪ್ಪಿ ಹೋದುದಕ್ಕೆ ಕಾರಣವು ಆ ಕಥೆಯಲ್ಲಿಯೇ ಅಡಗಿದೆ.

೧

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಇಂಗ್ಲಿಷರ ಕುಂಪಣಿಯವರು ಮೈಸೂರು ರಾಜ್ಯವನ್ನು ಪುನಃ ಒಡೆಯರ ವಂಶಕ್ಕೆ ಒಪ್ಪಿಸಿದರಷ್ಟೆ. ಸಿಂಹಾಸನವನ್ನೇರಿದ ಮುಮ್ಮಡಿ ಕೃಷ್ಣರಾಜ ಒಡೆಯರವರು ಆಗ ಐದು ವರ್ಷದ ಬಾಲಕರು. ಆದುದರಿಂದ ದಿವಾನ್ ಪೂರ್ಣಯ್ಯನವರು ಆಡಳಿತವನ್ನು ವಹಿಸಿಕೊಂಡು ಹನ್ನೊಂದು ಹನ್ನೆರಡು ವರ್ಷಗಳ ಕಾಲ ನಡೆಸಿದರು. ಅವರು ಬಿಗಿಮುಷ್ಟಿಯ ಆಡಳಿತಗಾರರು. ಕೆರೆಕಾಲುವೆಗಳನ್ನು ದುರಸ್ತು ಮಾಡಿಸಿ, ಲೆಕ್ಕಪತ್ರಗಳನ್ನು ಹದ್ದಿನಲ್ಲಿಟ್ಟು, ಅಧಿಕಾರವನ್ನು ಬಿಡುವ ವೇಳೆಗೆ ಎರಡು ಕೋಟಿ ರೂಪಾಯಿಗಳಿಗೆ ಮೇಲ್ಪಟ್ಟ ದ್ರವ್ಯವನ್ನು ಬೊಕ್ಕಸದಲ್ಲಿ ಕೂಡಿಟ್ಟಿದ್ದರೆಂದು ರೈಸ್ ಸಾಹೇಬರ ಗೆಜೆಟಿಯರಿನಿಂದ ತಿಳಿಯುತ್ತದೆ. ೧೮೧೧ರ ಸುಮಾರಿಗೆ ಅವರು ನಿವೃತ್ತರಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ೧೮೧೨ರಲ್ಲಿ ಸ್ವರ್ಗಸ್ಥರಾದರು. ಹದಿನಾರು ಹದಿನೇಳರ ಪ್ರಾಯದ ಅರಸರ ಕೈಗೆ ರಾಜ್ಯವೂ ತುಂಬಿದ ಬೊಕ್ಕಸವೂ ಒಟ್ಟಿಗೆ ಬಂದುವು.

ಮುಮ್ಮಡಿ ಕೃಷ್ಣರಾಜರನ್ನು ಕುರಿತು ಕನ್ನಡಿಗರಿಗೆ ಗೌರವವಿರುವುದು ಸಹಜ. ಅವರು ವಿದ್ವಾಂಸರನ್ನೂ ಕವಿಗಳನ್ನೂ ಗಾಯಕರನ್ನೂ ಪೊರೆದ ಪ್ರಭುಗಳು. ಸ್ವಭಾವದಲ್ಲಿ ಕ್ರೂರರೆಂದು ಅವರ ವಿರೋಧಿಗಳೂ ಹೇಳಲಿಲ್ಲ. ಆದರೆ ಔದಾರ್ಯವೆಂಬುದು ಒಳ್ಳೆಯ ಗುಣವಾದರೂ ಆದಾಯವನ್ನು ಮೀರಿದರೆ ಅದರ ಭಾರವನ್ನು ಹೊರತಕ್ಕವರು ದೂರದ ಹಳ್ಳಿಗಳ ರೈತರೇ ಆಗುವರು. ಇದರೊಂದಿಗೆ ೧೭೯೯ರ ಒಡಂಬಡಿಕೆಯ ಮೇರೆಗೆ ಮೈಸೂರು ಸರ್ಕಾರವು ಕುಂಪಣಿಗೆ ವರ್ಷಂಪ್ರತಿ ೭ ಲಕ್ಷ ವರಹಗಳನ್ನು, ಎಂದರೆ ೨೪ ಲಕ್ಷ ೫೦ ಸಾವಿರ ರೂಪಾಯಿಗಳನ್ನು, ಸೈನ್ಯದ ವೆಚ್ಚಕ್ಕಾಗಿ ಸಲ್ಲಿಸಬೇಕಾಗಿತ್ತು. ಮಳೆ ಬರಲಿ ಬಾರದಿರಲಿ, ಈ ಹಣವು ತಪ್ಪುವಂತಿರಲಿಲ್ಲ. ಕೂಡಿಟ್ಟ ದ್ರವ್ಯವು ಕೆಲವೇ ವರ್ಷಗಳಲ್ಲಿ ಕರಗಿತು. ದಂಡಿನವರ ಸಂಬಳವು ಬಾಕಿ ಬಿದ್ದಿತು. ಹಣಕ್ಕಾಗಿ ಹೊಸ ಹೊಸ ಉಪಾಯಗಳನ್ನು ಹುಡುಕುವ ಕಾಲ ಬಂದಿತು.

೨

ಆ ಉಪಾಯಗಳಲ್ಲಿ ಮುಖ್ಯವಾದುದು ಶರ್ತಿನ ಪದ್ಧತಿ. ಅದರ ಸ್ವರೂಪವನ್ನು ವಾಚಕರು ಸ್ವಲ್ಪ ಗಮನವಿಟ್ಟು ನೋಡಬೇಕೆಂದು ಬೇಡುತ್ತೇನೆ. ಏಕೆಂದರೆ ಲಂಚವೆಂಬುದನ್ನು ನಾವು ಸಾಮಾನ್ಯವಾಗಿ ಒಬ್ಬೊಬ್ಬ ಮನುಷ್ಯನ ದುರ್ಗುಣವೆಂದು ಎಣಿಸುವೆವು. ಅದು ಒಂದು ಕರಾರಿನೊಳಗೇ ಹುದುಗಿರಬಹುದೆಂಬುದು ನಮಗೆ ಬೇಗನೆ ಹೊಳೆಯುವುದಿಲ್ಲ.

ತಾಲ್ಲೂಕಿನ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಸರ್ಕಾರಕ್ಕೆ ಎತ್ತಿಕೊಡುವೆನೆಂದು ಮುಚ್ಚಳಿಕೆಯನ್ನು ಬರೆದುಕೊಡುತ್ತಿದ್ದನು. ವಸೂಲು ಕಡಮೆಯಾದರೆ ಕೊರೆಯನ್ನು ಅವನೇ ಕೈಯಿಂದ ತುಂಬಿಕೊಡಬೇಕು. ಹೆಚ್ಚಾದರೆ ಹೆಚ್ಚಾದುದನ್ನೂ ಸರ್ಕಾರಕ್ಕೆ ಒಪ್ಪಿಸಬೇಕು. ಈ ಮೊಬಲಗು ಸಾಮಾನ್ಯವಾಗಿ ಹಿಂದಿನ ವರ್ಷ ವಸೂಲಾದುದಕ್ಕಿಂತ ಹೆಚ್ಚಾಗಿಯೇ ಗೊತ್ತಾಗುತ್ತಿತ್ತು. ಇಂತಹ ಶರ್ತಿಗೆ ಒಪ್ಪಿ ಅಮಲನ್ನು ಪಡೆಯಬೇಕೆಂದು ಬರುವವನು ಎಂತಹವನಾಗಿರಬೇಕು? ಪ್ರಾಮಾಣಿಕನು ಈ ಲೆಕ್ಕವನ್ನು ನೋಡಿದೊಡನೆಯೇ ಹಿಂದೆಗೆಯುವನು. ನಷ್ಟವು ತನ್ನದು, ಲಾಭವು ಪರರದು ಎಂಬ ಬೇಹಾರಕ್ಕೆ ಯಾವ ವಿವೇಕಿಯೂ ಕೈಹಾಕನು. ಆದುದರಿಂದ ಸರ್ಕಾರದ ಲೆಕ್ಕಕ್ಕೆ ಬಾರದ ಲಾಭವನ್ನು ಎತ್ತಬಲ್ಲೆನೆಂಬ ಧೈರ್ಯವುಳ್ಳವನೇ ಆ ಪೀಠಕ್ಕೆ ಏರುವನು. ಹೀಗೆ ಪದ್ಧತಿಯೇ ಒಳ್ಳೆಯವರನ್ನು ಜರಡಿಯಾಡಿ ಹೊರಗೆ ಚೆಲ್ಲಿ, ಕೆಟ್ಟವರನ್ನು ಉಳಿಸಿಕೊಳ್ಳುತ್ತಿತ್ತು.

ಆ ಮುಚ್ಚಳಿಕೆಯಲ್ಲಿ ಮತ್ತೊಂದು ಭಾಗವೂ ಇರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆಗಳನ್ನು ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರದಿಂದ ಅವರಿಗೆ ಮಾರುವುದಿಲ್ಲ ಎಂದು ಅಮಲ್ದಾರನು ಅದರಲ್ಲಿ ಒಪ್ಪಿಕೊಂಡಿರುತ್ತಿದ್ದನು. ಓದಿದರೆ ರಾಮರಾಜ್ಯದ ಶಾಸನದಂತೆ ತೋರುವುದು. ಆದರೆ ಈ ಮಾತುಗಳನ್ನು ಮೀರಿದನೆಂದು ರೈತರು ಮೊರೆಯಿಟ್ಟುಕೊಂಡಾಗ ಯಾರೂ ಅದನ್ನು ಕಿವಿಯಮೇಲೆ ಹಾಕಿಕೊಳ್ಳುತ್ತಿರಲಿಲ್ಲವೆಂದು ಮುಂದೆ ವಿಚಾರಣೆ ನಡೆಸಿದ ಕಮಿಟಿಯವರು ಕಂಡುಕೊಂಡರು. ಏಕೆ ಹಾಕಿಕೊಳ್ಳಲಿಲ್ಲವೆಂಬುದೂ ಊಹಿಸಲಸಾಧ್ಯವಾದುದಲ್ಲ. ಅಮಲ್ದಾರನನ್ನು ಶಿಕ್ಷಿಸಿದರೆ ಅವನು ಒಪ್ಪಿಕೊಂಡ ಹಣವು ನಿಲ್ಲುವುದು. ಹಣವು ನಿಂತರೆ ಹುಜೂರಿನ ವೆಚ್ಚವು ನಡೆಯದು. ಆದಕಾರಣ ನ್ಯಾಯವನ್ನು ಹೇಳಬೇಕಾದ ಸರ್ಕಾರವೇ ಅನ್ಯಾಯದಲ್ಲಿ ಪಾಲುಗಾರನಾಗಿದ್ದಿತು. ಕಳ್ಳತನದ ಮಾಲನ್ನು ಕೊಳ್ಳುವವನ ಬಳಿಗೆ ಹೋಗಿ ಕಳ್ಳನ ಮೇಲೆ ದೂರು ಹೇಳಿಕೊಂಡರೆ ಫಲವೇನು?

ಇದರ ಪರಿಣಾಮವು ಮೂರು ಕಡೆಗೂ ತಟ್ಟಿತು. ರೈತರು ಬಡವರಾದರು. ಬಡವರಾದ ರೈತರಿಂದ ವಸೂಲು ಇಳಿದು ಸರ್ಕಾರದ ಹುಟ್ಟುವಳಿಯೂ ತೊಡಕಿಗೆ ಸಿಕ್ಕಿತು. ಕಡೆಗೆ ಆ ಅಮಲ್ದಾರರಲ್ಲಿಯೂ ಅನೇಕರು ನಷ್ಟಪಟ್ಟರು. ಯಾರಿಗೂ ಹಿತವಾಗದ ಈ ಪದ್ಧತಿಯು ವರ್ಷದಿಂದ ವರ್ಷಕ್ಕೆ ನಡೆದುಬಂದುದಕ್ಕೆ ಕಾರಣವೊಂದೇ: ಈ ತಿಂಗಳಿಗೆ ಹಣ ಬೇಕು, ಮುಂದಿನ ವರ್ಷದ ಮಾತನ್ನು ಮುಂದೆ ನೋಡೋಣ ಎಂಬ ಧೋರಣೆ.

ಎಚ್ಚರಿಕೆಯ ಮಾತೇ ಬರಲಿಲ್ಲವೆನ್ನುವಂತಿಲ್ಲ. ೧೮೨೫ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋರವರು ಮೈಸೂರಿಗೆ ಬಂದು, ಹಣಕಾಸಿನ ಅವ್ಯವಸ್ಥೆಯು ಹೀಗೆಯೇ ಮುಂದುವರಿದರೆ ಒಡಂಬಡಿಕೆಯ ಪ್ರಕಾರ ಕುಂಪಣಿಯು ಕೈಹಾಕಬೇಕಾಗುವುದೆಂದು ಅರಸರಿಗೆ ನೇರವಾಗಿ ತಿಳಿಸಿದರು. ಕೆಲವು ಕಾಲ ಕೊಂಚ ಮಿತವ್ಯಯವಾಯಿತು; ಆಮೇಲೆ ಬಂಡಿಯು ಹಳೆಯ ಜಾಡಿಗೇ ಇಳಿಯಿತು.

೩

ಇನ್ನು ನಗರದ ಫೌಜ್‌ದಾರಿಯ ಕಡೆಗೆ ಬರೋಣ. ಆ ಸೀಮೆಯು ೧೮೦೫ರಿಂದ ಬಹುಕಾಲ ರಾಮರಾಯರೆಂಬ ಫೌಜ್‌ದಾರರ ಮತ್ತು ಅವರ ಬಂಧುಬಳಗದವರ ಕೈಯಲ್ಲಿದ್ದಿತು. ರಾಮರಾಯರು ದಂಡಿನಲ್ಲಿ ಹೆಸರುಗೊಂಡ ಶೂರರು. ಆದರೆ ಒಂದು ಸೀಮೆಯ ಉದ್ಯೋಗಗಳೆಲ್ಲಾ ಒಂದೇ ನಂಟಸ್ತಿಕೆಯ ಒಳಗೆ ಸುತ್ತುತ್ತಿದ್ದರೆ ಲೆಕ್ಕ ಬರೆಯುವವನೂ ಲೆಕ್ಕ ನೋಡುವವನೂ ಒಂದೇ ಪಂಕ್ತಿಯವರಾಗುವರು. ದೂರು ಕೊಡುವವನಿಗೆ ನಿಲ್ಲಲು ಜಗಲಿಯೇ ಇರುವುದಿಲ್ಲ.

೧೮೨೮ರಲ್ಲಿ ಅರಸರು ಸಂಶಯಗೊಂಡು ತಮ್ಮ ಬಂಧುಗಳಾದ ವೀರರಾಜೇ ಅರಸರನ್ನು ನಗರದ ಫೌಜ್‌ದಾರರನ್ನಾಗಿ ನೇಮಿಸಿದರು. ಇವರು ಬಂದು ಹಳೆಯ ಲೆಕ್ಕಗಳನ್ನು ತೆರೆದು ನೋಡಿದರು, ಮೋಸಗಳು ಹೊರಬಿದ್ದುವು. ಇದುವರೆಗೆ ಒಳ್ಳೆಯದೇ ಆಯಿತು. ಆದರೆ ಮುಂದೆ ಆದುದೇನು? ಹಿಂದಿನವರು ಮಾಫಿಯೆಂದು ಬಿಟ್ಟಿದ್ದ ಬಾಕಿಗಳನ್ನು ಮತ್ತೆ ರೈತರ ಮೇಲೆ ಹೊರಿಸಿ ಕೇಳತೊಡಗಿದರು. ಆ ಮಾಫಿಗಾಗಿ ರೈತನು ಹಿಂದೆ ಯಾರಿಗೆ ಏನನ್ನು ತೆತ್ತಿದ್ದನೋ ಅದಕ್ಕೆ ಕಾಗದವಿಲ್ಲ. ಕಾಗದವಿಲ್ಲದುದನ್ನು ಹೊಸ ಕಚೇರಿಯು ಒಪ್ಪದು. ಭ್ರಷ್ಟತೆಯನ್ನು ತಿದ್ದಲು ಹೊರಟ ಸರ್ಕಾರವು ಭ್ರಷ್ಟರಾದ ಅಧಿಕಾರಿಗಳಿಂದ ಹಣವನ್ನು ಹಿಂದಕ್ಕೆ ಪಡೆಯುವುದಕ್ಕೆ ಬದಲಾಗಿ ಅವರ ಕೈಗೆ ಸಿಕ್ಕಿ ನೊಂದವರ ಮೇಲೆಯೇ ಎರಡನೆಯ ಸಲ ಕೈಯಿಟ್ಟಿತು. ಅನ್ಯಾಯವನ್ನು ಜನರು ಬಹುಕಾಲ ಸಹಿಸುವರು. ಆದರೆ ಸುಧಾರಣೆಯ ಹೆಸರಿನಲ್ಲಿ ಅದೇ ಅನ್ಯಾಯವು ಮರಳಿ ಬಂದಾಗ ಸಹನೆಯು ಉಳಿಯುವುದಿಲ್ಲ. ಅಧಿಕಾರವನ್ನು ಕಳೆದುಕೊಂಡ ಹಳೆಯ ಪಕ್ಷದವರಿಗೂ ಈ ಅಸಮಾಧಾನವು ಅನುಕೂಲವಾಗಿಯೇ ಒದಗಿತು.

ಈ ಸಮಯಕ್ಕೆ ಸರಿಯಾಗಿ ಬೂದಿ ಬಸವಪ್ಪನೆಂಬವನು ಕಾಣಿಸಿಕೊಂಡನು. ಇವನ ನಿಜವಾದ ಹೆಸರು ಸದರ ಮಲ್ಲ. ಚನ್ನಗಿರಿಯ ಕಡೆಯ ಸಾಮಾನ್ಯ ಒಕ್ಕಲಿನವನು. ನಗರದ ಅರಸುಮನೆತನಕ್ಕೆ ಗುರುಗಳಾಗಿದ್ದ ಜಂಗಮರೊಬ್ಬರ ಸೇವೆಯಲ್ಲಿದ್ದು, ಅವರು ಲಿಂಗೈಕ್ಯರಾದ ಮೇಲೆ ಅವರ ಬಳಿಯಿದ್ದ ನಗರದ ಮುದ್ರೆಗಳನ್ನು ಕೈವಶಮಾಡಿಕೊಂಡನೆಂದು ಗೆಜೆಟಿಯರು ಹೇಳುವುದು. ದರೋಡೆಯ ಆಪಾದನೆಯ ಮೇಲೆ ಕನ್ನಡ ಜಿಲ್ಲೆಯ ಸೆರೆಮನೆಯಲ್ಲಿಯೂ ಇದ್ದು ಬಂದವನು. ಇವನು ತಾನು ನಗರದ ನಾಯಕರ ವಂಶದವನೆಂದು ಸಾರಿ, ೧೮೩೦ರಲ್ಲಿ ನಗರದ ರಾಜನೆಂಬ ಬಿರುದನ್ನು ಧರಿಸಿ, ಬಾಕಿಗಳನ್ನೆಲ್ಲಾ ಬಿಟ್ಟುಬಿಡುವೆನು, ಕಂದಾಯವನ್ನು ಬಹಳವಾಗಿ ಇಳಿಸುವೆನು ಎಂದು ರೈತರಿಗೆ ಮಾತುಕೊಟ್ಟನು. ತರೀಕೆರೆಯ ಪಾಳೆಯಗಾರರ ಮನೆತನದ ರಂಗಪ್ಪನಾಯಕನೂ ದಂಗೆಯಲ್ಲಿ ಸೇರಿಕೊಂಡನು.

ಈ ಸಂಗತಿಯನ್ನು ಬರೆದವರಲ್ಲಿ ಅನೇಕರು ನಮ್ಮ ರೈತರು ಮೂಢರಾಗಿ ಒಬ್ಬ ವಂಚಕನ ಮಾತಿಗೆ ಮರುಳಾದರೆಂದು ಹೇಳಿ ಮುಗಿಸಿಬಿಡುವರು. ನನಗೆ ಹಾಗೆ ತೋರುವುದಿಲ್ಲ. ನಮ್ಮ ರೈತನು ಒಂದು ಎತ್ತನ್ನು ಕೊಳ್ಳಬೇಕಾದರೆ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಜನರನ್ನು ಕೇಳಿ ಕೊಳ್ಳುವವನು. ಅಂತಹವನು ಗುರುತು ಪರಿಚಯವಿಲ್ಲದವನ ಮುದ್ರೆಯನ್ನು ನಂಬಬೇಕಾದರೆ, ನಿಜವಾದ ಸರ್ಕಾರದ ಮುದ್ರೆಯ ಮೇಲೆ ಅವನಿಗೆ ಎಷ್ಟು ನಂಬಿಕೆಯು ಉಳಿದಿದ್ದಿತೆಂಬುದನ್ನು ಆಲೋಚಿಸಬೇಕು. ಮುಚ್ಚಳಿಕೆಯ ಮೇಲೆ ಬಿದ್ದ ಸರ್ಕಾರದ ಮುದ್ರೆಯು ಸುಳ್ಳಾಯಿತು. ಮಾಫಿಯ ಕಾಗದದ ಮೇಲೆ ಬಿದ್ದ ಮುದ್ರೆಯು ಸುಳ್ಳಾಯಿತು. ಒಳ್ಳೆಯ ನಾಣ್ಯವು ಸವೆದುಹೋದ ಸಂತೆಯಲ್ಲಿ ಖೋಟಾ ನಾಣ್ಯವು ಚಲಾವಣೆಯಾಗುವುದು ಆಶ್ಚರ್ಯವಲ್ಲ.

೪

೧೮೩೦ರ ಆಗಸ್ಟ್ ತಿಂಗಳಿನಲ್ಲಿ ಬಸವಾಪಟ್ಟಣದಲ್ಲಿ ರೈತರ ಕೂಟವು ನೆರೆಯಿತು. ಕೂಟವೆಂಬುದು ನಮ್ಮ ನಾಡಿಗೆ ಹೊಸದಲ್ಲ. ಊರೂರ ಗೌಡರೂ ಒಕ್ಕಲುಗಳೂ ಒಂದೆಡೆ ಸೇರಿ, ತಮ್ಮ ಕಷ್ಟಕ್ಕೆ ಪರಿಹಾರ ದೊರೆಯುವವರೆಗೂ ಕಂದಾಯವನ್ನು ಕಟ್ಟದೆ ಕುಳಿತುಕೊಳ್ಳುವುದು ಅದರ ರೀತಿ. ಅದು ಮೊದಲಿಗೆ ಕತ್ತಿ ಹಿರಿದ ಬಂಡಾಯವಲ್ಲ; ಕೇಳುವವರಿಲ್ಲದ ದೂರನ್ನು ಕೇಳಿಸುವುದಕ್ಕೆ ಉಳಿದ ಕಡೆಯ ಉಪಾಯ. ಆ ಕೂಟದ ಮುಂದೆ ಹೋಗಿ ಸಮಾಧಾನ ಹೇಳಿ ನಡೆದುಕೊಳ್ಳಬಲ್ಲ ಅಧಿಕಾರಿಯೊಬ್ಬನಿದ್ದಿದ್ದರೆ ಚರಿತ್ರೆಯು ಬೇರೆಯಾಗುತ್ತಿತ್ತೋ ಏನೋ. ಆದರೆ ಮಾತುಕೊಡುವವರಿದ್ದರೂ ಕೊಟ್ಟ ಮಾತನ್ನು ನಂಬುವವರು ಉಳಿದಿರಲಿಲ್ಲ. ನಂಬಿಕೆಯು ಹೋದ ಮೇಲೆ ಸರ್ಕಾರದ ಕೈಯಲ್ಲಿ ಉಳಿಯುವುದು ಕೋವಿಯೊಂದೇ.

ಹಾಗೆಯೇ ಆಯಿತು. ಗುಂಪುಗೂಡಿದ ರೈತರ ಮೇಲೆ ದಂಡಿನವರು ಗುಂಡು ಹಾರಿಸಿದರು. ವರ್ಷದ ಕೊನೆಯಲ್ಲಿ ಅರಸರು ತಾವೇ ಚನ್ನರಾಯಪಟ್ಟಣದವರೆಗೆ ಸವಾರಿ ಬಂದರು; ಸಿಕ್ಕಿದವರಲ್ಲಿ ಕೆಲವರಿಗೆ ಮರಣದಂಡನೆಯೂ ಅಂಗಚ್ಛೇದದ ಶಿಕ್ಷೆಯೂ ಆದುವು. ಇದರಿಂದ ಬೆಂಕಿಯು ಆರಲಿಲ್ಲ, ಹರಡಿತು. ಕಡೆಗೆ ಕುಂಪಣಿಯ ಸೈನ್ಯದ ಸಹಾಯವನ್ನು ಕೇಳಬೇಕಾಯಿತು. ೧೮೩೧ರ ಜೂನ್ ತಿಂಗಳಿನಲ್ಲಿ ನಗರವು ಕೈವಶವಾಯಿತು, ದಂಗೆಯು ಅಡಗಿತು.

ಆದರೆ ದಂಗೆಯನ್ನು ಅಡಗಿಸಿಕೊಟ್ಟವರು ಬರಿಗೈಯಿಂದ ಹಿಂದಿರುಗಲಿಲ್ಲ. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕರು ೧೮೩೧ರ ಸೆಪ್ಟೆಂಬರಿನಲ್ಲಿ ಅರಸರಿಗೆ ಕಾಗದ ಬರೆದು, ಪ್ರಜೆಗಳ ಹಿತಕ್ಕಾಗಿಯೂ ಕುಂಪಣಿಗೆ ಬರಬೇಕಾದ ಹಣದ ಭದ್ರತೆಗಾಗಿಯೂ ರಾಜ್ಯದ ಆಡಳಿತವನ್ನು ತಾವೇ ವಹಿಸಿಕೊಳ್ಳುವುದಾಗಿ ತಿಳಿಸಿದರು. ಅದೇ ಅಕ್ಟೋಬರಿನಲ್ಲಿ ಅಧಿಕಾರವು ಕೈಬಿಟ್ಟುಹೋಯಿತು. ಅರಸರು ಪ್ರತಿಭಟಿಸದೆ ಒಪ್ಪಿಸಿದರು. ಅವರಿಗಾಗ ವಯಸ್ಸು ೩೭. ಅಲ್ಲಿಂದ ೧೮೬೮ರಲ್ಲಿ ದಿವಂಗತರಾಗುವವರೆಗೂ ತಮ್ಮ ರಾಜ್ಯವನ್ನು ಮರಳಿ ಕೊಡಬೇಕೆಂದು ಕೇಳುತ್ತಲೇ ಇದ್ದರು. ಅದು ಅವರ ಜೀವಮಾನದಲ್ಲಿ ಕೈಗೂಡಲಿಲ್ಲ.

ಇಲ್ಲಿ ನ್ಯಾಯದೃಷ್ಟಿಯಿಂದ ಒಂದು ಮಾತನ್ನು ಹೇಳಬೇಕು. ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಡ್ ಮತ್ತು ಕಬ್ಬನ್ ಎಂಬ ನಾಲ್ವರ ಕಮಿಟಿಯನ್ನು ನೇಮಿಸಿದುದು ರಾಜ್ಯವನ್ನು ವಹಿಸಿಕೊಂಡ ಮೇಲೆ. ಅವರ ವರದಿಯು ಬಂದುದು ೧೮೩೩ರ ಡಿಸೆಂಬರಿನಲ್ಲಿ. ತೀರ್ಪು ಮೊದಲು, ವಿಚಾರಣೆ ಆಮೇಲೆ! ಆಡಳಿತದ ದೋಷಗಳನ್ನು ಆ ವರದಿಯು ಮುಚ್ಚಿಡಲಿಲ್ಲ. ಆದರೂ ಅದನ್ನು ಓದಿದ ಬಳಿಕ ಬೆಂಟಿಂಕರಿಗೇ ತಮ್ಮ ಕಾರ್ಯವು ಅತಿಯಾಯಿತೇನೋ ಎಂಬ ಸಂದೇಹವುಂಟಾಗಿ, ೧೮೩೪ರಲ್ಲಿ ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸಬೇಕೆಂದು ಸೂಚಿಸಿದರು. ಅದು ಮೇಲಿನವರಿಗೆ ಒಪ್ಪಿಗೆಯಾಗಲಿಲ್ಲ. ಆದುದರಿಂದ ಕುಂಪಣಿಯು ಕೇವಲ ಪ್ರಜಾವಾತ್ಸಲ್ಯದಿಂದ ಬಂದಿತೆಂದು ನಾವು ನಂಬಬೇಕಾದುದಿಲ್ಲ. ಆದರೆ ಬಾಗಿಲನ್ನು ತೆರೆದುಕೊಟ್ಟುದು ಯಾವುದು? ಶರ್ತಿನ ಅಮಲ್ದಾರರು ತಿಂದ ಸಾಲವನ್ನು ಅರಸರು ತಮ್ಮ ರಾಜ್ಯವನ್ನು ಕೊಟ್ಟು ತೀರಿಸಬೇಕಾಯಿತು.

೫

ಕಳೆದ ನಂಬಿಕೆಯನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟವೆಂಬುದನ್ನೂ ಈ ಚರಿತ್ರೆಯ ಮುಂದಿನ ಭಾಗವು ತೋರಿಸುವುದು. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಹಳೆಯ ಲೆಕ್ಕಗಳನ್ನು ಬಗೆದು ನೋಡಿದಾಗ ಕಂಡ ಚಿಲ್ಲರೆ ತೆರಿಗೆಗಳ ಸಂಖ್ಯೆಯು ನಂಬಲಶಕ್ಯವಾದುದು. ಅವರ ಕಾಲದಲ್ಲಿ ತೆಗೆದುಹಾಕಿದವುಗಳೇ ೭೬೯. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ಚೌಲ ಮಾಡಿಸಿದರೆ ತೆರಿಗೆ! ಒಂದೂರಿನವರು ತಮ್ಮ ಹಿರಿಯರು ಪಾಳೆಯಗಾರನೊಬ್ಬನ ತಪ್ಪಿಹೋದ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕಾಗಿ ತೆರುತ್ತಿದ್ದರು. ನಗರದ ಸೀಮೆಯ ಒಂದು ಸ್ಥಳದಲ್ಲಿ ಕೈಗಳನ್ನು ಪಕ್ಕಕ್ಕೆ ಅವುಚಿಕೊಳ್ಳದೆ ನಡೆದುಹೋದವನು ತೆರಬೇಕಾಗಿತ್ತು. ಇವೆಲ್ಲವೂ ಒಬ್ಬ ಅರಸರ ಕಾಲದಲ್ಲಿ ಹುಟ್ಟಿದವಲ್ಲ. ಹಿಂದಿನ ಪಾಳೆಯಪಟ್ಟುಗಳ ಕಾಲದಿಂದ ಒಂದರ ಮೇಲೊಂದು ಕೂಡುತ್ತ ಬಂದವು. ಆದರೆ ಇಂತಹ ಪ್ರತಿಯೊಂದು ತೆರಿಗೆಯೂ ಕೆಳಗಿನ ನೌಕರನಿಗೆ ಕೈನೀಡುವುದಕ್ಕೆ ಒಂದು ನೆಪವಾಗಿತ್ತೆಂಬುದನ್ನು ಮರೆಯಬಾರದು. ನಿಯಮಗಳು ಎಣಿಕೆಗೆ ಮೀರಿದಷ್ಟೂ ಅವುಗಳಿಂದ ತಪ್ಪಿಸಿಕೊಡುವವನ ಬೆಲೆಯು ಏರುವುದು. ತೆರಿಗೆಯನ್ನು ತೆಗೆದುಹಾಕಿದಾಗ ಬೊಕ್ಕಸಕ್ಕೆ ಆದ ನಷ್ಟಕ್ಕಿಂತ ಲಂಚಕ್ಕೆ ಆದ ನಷ್ಟವೇ ದೊಡ್ಡದಾಗಿದ್ದಿರಬೇಕು.

ಆದರೂ ಕಮಿಷನರ ಆಡಳಿತದಲ್ಲಿ ಒಂದು ಕೊರತೆಯುಳಿದಿತ್ತು. ಆಳುವವರು ಮೊದಲಿಗಿಂತ ಪ್ರಾಮಾಣಿಕರಾಗಿರಬಹುದು; ಆದರೆ ಅವರ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚಿ ನೋಡುವ ಅಧಿಕಾರವು ಆಳಿಸಿಕೊಳ್ಳುವವರಿಗೆ ಇರಲಿಲ್ಲ. ೧೮೮೧ರ ಮಾರ್ಚ್ ೨೫ರಂದು ರಾಜ್ಯವು ಚಾಮರಾಜೇಂದ್ರ ಒಡೆಯರವರಿಗೆ ಮರಳಿ ಬಂದ ಮೇಲೆ ದಿವಾನ್ ರಂಗಾಚಾರ್ಲುರವರು ಈ ಕೊರತೆಯ ಕಡೆಗೆ ದೃಷ್ಟಿಹಾಯಿಸಿದರು. ಆ ವರ್ಷದ ಅಕ್ಟೋಬರ್ ೭ರಂದು ದಸರೆಯ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊಟ್ಟಮೊದಲು ಸೇರಿತು. ತಾಲ್ಲೂಕುಗಳಿಂದ ಬಂದ ೧೪೪ ಮಂದಿ ರೈತರ ಮತ್ತು ವರ್ತಕರ ಪ್ರತಿನಿಧಿಗಳ ಮುಂದೆ ದಿವಾನರು ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು ಎಂಬುದನ್ನು ಓದಿ ತಿಳಿಸಿದರು. ಅವರು ತಮ್ಮ ಸೀಮೆಯ ಕಷ್ಟಗಳನ್ನು ಎದ್ದುನಿಂತು ಹೇಳಿದರು. ಆ ಸಭೆಗೆ ಕಾನೂನನ್ನು ಮಾಡುವ ಅಧಿಕಾರವಿರಲಿಲ್ಲ; ಸದಸ್ಯರನ್ನು ಚುನಾಯಿಸುವ ಪದ್ಧತಿಯು ೧೮೯೧ರಲ್ಲಿ ಬಂದಿತು. ಅದರ ಕೊರತೆಗಳನ್ನು ಎಣಿಸುವುದು ಸುಲಭ. ಆದರೆ ೧೮೩೧ರ ಅಕ್ಟೋಬರಿಗೂ ೧೮೮೧ರ ಅಕ್ಟೋಬರಿಗೂ ನಡುವಣ ೫೦ ವರ್ಷಗಳನ್ನು ನೆನೆದವರಿಗೆ ಅದರ ಬೆಲೆಯು ಗೊತ್ತಾಗುವುದು. ಬಸವಾಪಟ್ಟಣದ ಬಯಲಿನಲ್ಲಿ ಸೇರಿದಾಗ ದಂಗೆಯೆನಿಸಿಕೊಂಡ ಕೂಟವೇ ಮೈಸೂರಿನ ಸಭೆಯಲ್ಲಿ ಸೇರಿದಾಗ ರಾಜ್ಯದ ಅಂಗವಾಯಿತು.

೬

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಬಹಳವಿಲ್ಲ. ಇರುವುದನ್ನು ಮಾತ್ರ ಮರೆಯಬಾರದು.

ಮೊದಲನೆಯದಾಗಿ, ಲಂಚದಿಂದ ಪ್ರಜೆಯು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ. ಹಣವು ಹೋದರೆ ಮುಂದಿನ ಸುಗ್ಗಿಗೆ ಬಂದೀತು. ಕಚೇರಿಯ ಮಾತಿಗೆ ಬೆಲೆಯಿಲ್ಲವೆಂದು ಒಮ್ಮೆ ಮನಸ್ಸಿಗೆ ಹತ್ತಿದರೆ ಆ ಭಾವನೆಯು ತಂದೆಯಿಂದ ಮಗನಿಗೆ ಇಳಿಯುವುದು. ಒಳ್ಳೆಯ ಅಧಿಕಾರಿಯು ಬಂದಾಗಲೂ ಇವನ ಮನಸ್ಸಿನಲ್ಲೇನಿದೆಯೋ ಎಂದು ಜನರು ಸಂದೇಹಪಡುವರು. ಒಬ್ಬನು ತಿಂದುದಕ್ಕೆ ಮುಂದಿನ ಹತ್ತು ಮಂದಿಯ ಪ್ರಾಮಾಣಿಕತೆಯು ವ್ಯರ್ಥವಾಗುವುದು.

ಎರಡನೆಯದಾಗಿ, ಅನ್ಯಾಯಕ್ಕಿಂತಲೂ ಅನ್ಯಾಯದ ದೂರನ್ನು ಕೇಳದಿರುವುದೇ ರಾಜ್ಯಕ್ಕೆ ಮಾರಕವಾದುದು. ಮುಚ್ಚಳಿಕೆಯಲ್ಲಿ ರೈತನ ಹಿತದ ಮಾತುಗಳಿಗೆ ಕೊರತೆಯಿರಲಿಲ್ಲ. ಬರೆದುದನ್ನು ನಡೆಸುವ ಮನಸ್ಸು ಇರಲಿಲ್ಲ. ಇಂದಿನ ನಮ್ಮ ಕಾಯಿದೆಗಳಲ್ಲಿಯೂ ಒಳ್ಳೆಯ ಮಾತುಗಳು ಬಹಳವುಂಟು. ಅವು ಆ ಹಳೆಯ ಮುಚ್ಚಳಿಕೆಯ ಗತಿಯನ್ನು ಪಡೆಯದಂತೆ ನೋಡಿಕೊಳ್ಳುವ ಹೊಣೆಯು ಬರೆದವರ ಮೇಲೆ ಇರುವಷ್ಟೇ ಓದಬಲ್ಲವರ ಮೇಲೆಯೂ ಇದೆ.

ಮೂರನೆಯದಾಗಿ, ಜನರು ನಂಬಬೇಕಾದವರನ್ನು ನಂಬದ ಸ್ಥಿತಿಗೆ ಬಂದರೆ ಯಾರನ್ನೂ ನಂಬದೆ ಸುಮ್ಮನಿರುವರೆಂದು ಎಣಿಸುವುದು ತಪ್ಪು. ನಂಬಿಕೆಯೆಂಬುದು ನೀರಿನಂತೆ, ಕಾಲುವೆಯು ಒಡೆದರೆ ಹಳ್ಳವನ್ನು ಹುಡುಕಿಕೊಂಡು ಹರಿಯುವುದು. ಬೂದಿ ಬಸವಪ್ಪನಂತಹವರು ಎಲ್ಲಾ ಕಾಲದಲ್ಲಿಯೂ ಹುಟ್ಟುತ್ತಿರುವರು. ಅವರ ಕೈಗೆ ಜನರನ್ನು ಒಪ್ಪಿಸಿಕೊಡುವವರು ಮಾತ್ರ ಕಚೇರಿಗಳಲ್ಲಿ ಕುಳಿತಿರುವ ಶರ್ತಿನ ಅಮಲ್ದಾರರೇ.

ನಗರದ ಕೋಟೆಯ ಗೋಡೆಗಳ ಮೇಲೆ ಈಗ ಹಾವಸೆ ಬೆಳೆದಿದೆ. ಬಸವಾಪಟ್ಟಣದ ಕೂಟದಲ್ಲಿ ನೆರೆದ ರೈತರಲ್ಲಿ ಬಹುಮಂದಿಯ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಕೇಳಿದುದು ರಾಜ್ಯವನ್ನಲ್ಲ. ತಾವು ತೆತ್ತುದನ್ನು ತೆತ್ತೆವೆಂದು ಒಪ್ಪಿಕೊಳ್ಳುವ ಒಂದು ಕಚೇರಿಯನ್ನು ಮಾತ್ರ. ಅದನ್ನು ಕೊಡಲಾರದೆ ಹೋದುದರಿಂದ ಒಂದು ರಾಜ್ಯವೇ ಕೈಬಿಟ್ಟುಹೋಯಿತೆಂಬುದನ್ನು ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾವಾದರೂ ನೆನಪಿನಲ್ಲಿಟ್ಟುಕೊಂಡಿರುವುದು ಉಚಿತ.